ಗಳೆ, ಸರಪಳಿ ಮತ್ತು ಶಾಸನ: ಮೈಸೂರು ಸೀಮೆಯ ನೆಲ ಅಳೆದವರ ಕತೆ

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡವನು ಶಾಸನ ಹುಡುಕಲು ಹೋದವನಲ್ಲ. ಸಿ. ಬೀಡನ್ ಅನ್ನೋ ಆತ ಚಿನ್ನದ ಗಣಿ ಇಂಜಿನಿಯರ್. ಹಟ್ಟಿ-ಮಸ್ಕಿ ಪಟ್ಟಿಯಲ್ಲಿ ಚಿನ್ನದ ಜಾಡು ಹಿಡಿದು ಬಂಡೆ ಬಂಡೆ ತಿರುಗುತ್ತಿದ್ದವನಿಗೆ ಒಂದು ಗುಂಡಿನ ಮೇಲೆ ಅಕ್ಷರ ಕಂಡಿತು. ಆ ವರ್ಷವೇ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಮುಂದಿನದು ಈ ಪುಟದ ಓದುಗರಿಗೆ ಗೊತ್ತೇ ಇದೆ: ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ರಾಜನ ಹೆಸರು ದೇವಾನಂಪಿಯ, ಪಿಯದಸಿ ಅಂತಷ್ಟೇ ಇತ್ತು. ಅವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಬಲದ ಮೇಲೆ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯಲ್ಲಿ ಆ ಹೆಸರೇ ಕಲ್ಲಿನ ಮೇಲಿತ್ತು.

ಇದೊಂದೇ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಆದರೆ 1929ರಲ್ಲಿ ಕರ್ನೂಲು ಸೀಮೆಯ ಎರ್ರಗುಡಿಯ ಅಶೋಕ ಶಾಸನಗಳನ್ನು ಗುರುತಿಸಿದವರೂ ಒಬ್ಬ ಭೂವಿಜ್ಞಾನಿಯೇ, ಅನು ಘೋಷ್. ಕೋಲಾರದ ಚಿನ್ನದ ಸುದ್ದಿಯನ್ನು ಸರ್ಕಾರಿ ಕಾಗದಕ್ಕೆ ತಂದವನು ಗಡಿ ಗುರುತಿಸಲು ಬಂದ ಸರ್ವೇಯರ್. ದಕ್ಷಿಣ ಭಾರತದ ಶಾಸನಗಳ ಮೊದಲ ದೊಡ್ಡ ಸಂಗ್ರಹ ಮಾಡಿಸಿದವನೂ ನಕ್ಷೆ ಬರೆಯಲು ಬಂದ ಸರ್ವೇಯರೇ. ನಾನು ವೃತ್ತಿಯಿಂದ ಇಂಜಿನಿಯರ್, ಶಾಸನ ಓದೋದನ್ನು ನಾನೇ ಕಲಿತವನು. ಅದಕ್ಕೇ ಇರಬೇಕು, ಈ ಮೂರು ಕೆಲಸ, ಅಂದರೆ ನೆಲ ಅಳೆಯೋದು, ಕಲ್ಲಿನ ಜಾತಿ ನೋಡೋದು, ಅಕ್ಷರ ಓದೋದು, ಒಂದೇ ನಡಿಗೆಯ ಮೂರು ಹೆಜ್ಜೆ ಅಂತ ನನಗೆ ಬಹಳ ವರ್ಷದಿಂದ ಅನ್ನಿಸುತ್ತಾ ಬಂದಿದೆ. ಈಗ ಮೂರೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಟ್ಟಡ. ಒಬ್ಬರ ಕಡತ ಇನ್ನೊಬ್ಬರು ನೋಡಲ್ಲ. ಅದರಿಂದ ಏನೇನು ಕಳೆದುಹೋಗ್ತಾ ಇದೆ ಅನ್ನೋದು ಈ ಬರಹದ ವಿಷಯ.

ಮೊದಲು ನಮ್ಮ ಶಾಸನಗಳಿಂದಲೇ ಶುರು ಮಾಡೋಣ, ಯಾಕಂದ್ರೆ ನೆಲದ ನಕ್ಷೆ ಬ್ರಿಟಿಷರ ಜೊತೆಗೆ ಹಡಗಿನಲ್ಲಿ ಬಂದಿದ್ದಲ್ಲ. ದಾನಶಾಸನ ಓದುವಾಗ ನಾವೆಲ್ಲ ಮಾಡುವ ಕೆಲಸ ಏನು? ರಾಜನ ಬಿರುದು, ವಂಶಾವಳಿ, ತಿಥಿ, ದಾನ ಕೊಟ್ಟವನು, ಪಡೆದವನು, ಇಷ್ಟನ್ನು ಗುರುತು ಹಾಕಿಕೊಂಡು ಎಲ್ಲೆ ಹೇಳುವ ಭಾಗ ಬಂದಾಗ ಕಣ್ಣು ಜಾರಿಸಿ ಶಾಪಾಶಯಕ್ಕೆ ಹೋಗಿಬಿಡ್ತೀವಿ. ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಶುರುವಾಗಿ ಹುಣಸೆಮರ, ಆಲದಮರ, ಹುತ್ತ, ಹಳ್ಳ, ಮೊರಡಿ, ನಟ್ಟ ಕಲ್ಲು, ಹಾಸುಬಂಡೆ, ಕೆಮ್ಮಣ್ಣಿನ ದಿಣ್ಣೆ, ಕೆರೆಯ ಕೋಡಿ ಅಂತ ಸಾಗುವ ಆ ಸಾಲುಗಳು ಬೇಜಾರು ತರಿಸುತ್ತವೆ, ನಿಜ. ಆದರೆ ಅದು ಆ ಊರಿನ ಸ್ಥಳಾಕೃತಿ ನಕ್ಷೆ. ಗೆರೆಯ ಬದಲು ಮಾತಿನಲ್ಲಿ ಬರೆದಿದ್ದಾರೆ, ಅಷ್ಟೇ. ಈಶಾನ್ಯದಿಂದ ಶುರು ಮಾಡಿ ಪ್ರದಕ್ಷಿಣೆಯಾಗಿ ಎಂಟು ದಿಕ್ಕಿಗೂ ಗುರುತು ಹೇಳಿ ಹೊರಟಲ್ಲಿಗೇ ಬಂದು ಮುಗಿಸುವ ಶಾಸನಗಳಿವೆ. ಸರ್ವೆಯಲ್ಲಿ ಇದನ್ನೇ ಮುಚ್ಚಿದ ಟ್ರಾವರ್ಸ್ ಅಂತೀವಿ. ಹೊರಟ ಬಿಂದುವಿಗೆ ವಾಪಸ್ಸು ಬಂದರೇನೇ ಲೆಕ್ಕ ಸರಿ.

ಗಂಗರ ತಾಮ್ರಪಟಗಳಲ್ಲಿ ಇನ್ನೊಂದು ವಿಶೇಷ ಇದೆ. ಪ್ರಶಸ್ತಿಯೆಲ್ಲ ಸಂಸ್ಕೃತ. ದೊಡ್ಡ ದೊಡ್ಡ ಸಮಾಸ, ಶ್ಲೇಷೆ. ಎಲ್ಲೆ ಹೇಳುವ ಜಾಗ ಬಂತೋ, ಭಾಷೆ ಸೀದಾ ಕನ್ನಡಕ್ಕೆ ಇಳಿಯುತ್ತೆ. ಕವಿಗೆ ಸಂಸ್ಕೃತ ಸಾಕಾಯಿತು ಅಂತಲ್ಲ. ಬೇಲಿ ಜಗಳ ಬಂದಾಗ ಅದನ್ನು ಓದಿಸಿ ಕೇಳಬೇಕಾದವನು ಪಕ್ಕದ ಹೊಲದವನು. ಅವನಿಗೆ ಅರ್ಥವಾಗದ ಎಲ್ಲೆ ಎಲ್ಲೆಯೇ ಅಲ್ಲ. ಹಳಗನ್ನಡದ ಗದ್ಯದ ಬಗ್ಗೆ ಮಾತಾಡುವಾಗ ನಾವು ಈ ಎಲ್ಲೆಯ ಸಾಲುಗಳನ್ನು ಲೆಕ್ಕಕ್ಕೆ ತಗೊಳ್ಳೋದು ಕಡಿಮೆ. ಮಣ್ಣಿಗೆ, ಕಲ್ಲಿಗೆ, ಹಳ್ಳಕ್ಕೆ ಇದ್ದ ಪದಗಳು ಉಳಿದಿರೋದು ಅಲ್ಲೇ.

ಅಳತೆಗೂ ಅಷ್ಟೇ. ಮತ್ತರು, ಕಮ್ಮ, ಖಂಡುಗ, ಕೊಳಗ, ಸಲಗೆ ಅಂತ ಓದ್ತೀವಿ, ಆದರೆ ಒಂದು ಮತ್ತರು ಎಷ್ಟು ಎಕರೆ ಅಂತ ಕೇಳಿದರೆ ನೇರ ಉತ್ತರ ಇಲ್ಲ. ಯಾಕಂದ್ರೆ ಅದು ಗಳೆಯ ಮೇಲೆ ನಿಂತಿದೆ, ಗಳೆ ಊರಿಗೊಂದು. ಬಳ್ಳಿಗಾವೆ ಕಡೆಯ ಶಾಸನಗಳಲ್ಲಿ ಭೇರುಂಡ ಗಳೆ ಬರುತ್ತೆ. ಬೇರೆ ಕಡೆ ಗೇಣಿನ ಲೆಕ್ಕದಲ್ಲಿ ಗಳೆಯ ಉದ್ದ ಹೇಳುವುದೂ ಉಂಟು. ಇನ್ನು ಖಂಡುಗ ಕೊಳಗಗಳಂತೂ ಬಿತ್ತನೆಯ ಬೀಜದ ಅಳತೆ. ಒಂದು ಖಂಡುಗ ಬೀಜ ಹಿಡಿಯುವ ಗದ್ದೆ ಒಂದು ಖಂಡುಗ ಗದ್ದೆ. ಎರೆಮಣ್ಣಿನಲ್ಲಿ ಅದೊಂದು ವಿಸ್ತೀರ್ಣ, ಮರಳು ಮಣ್ಣಿನಲ್ಲಿ ಇನ್ನೊಂದು. ಇದನ್ನು ಹಿಂದುಳಿದ ಪದ್ಧತಿ ಅಂತ ಬರೆದವರಿದ್ದಾರೆ. ನಾನು ಒಪ್ಪಲ್ಲ. ಕಂದಾಯ ಹಾಕೋನಿಗೆ ಬೇಕಾಗಿದ್ದು ಚದರಡಿ ಅಲ್ಲ, ಫಸಲು. ಮಣ್ಣಿನ ಗುಣವನ್ನು ಅಳತೆಯ ಒಳಗೇ ಸೇರಿಸಿದ ಲೆಕ್ಕ ಅದು. ನಮ್ಮ ಎಕರೆ ಗುಂಟೆಯಲ್ಲಿ ಆ ಮಾಹಿತಿ ಇಲ್ಲ, ಅದಕ್ಕೆ ಬೇರೆ ಕಾಲಂ ಬೇಕು.

ನೆಲದ ತಿಳಿವಳಿಕೆ ಇನ್ನೂ ಸ್ಪಷ್ಟವಾಗಿ ಕಾಣುವ ಶಾಸನ ಅಂದ್ರೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು, 1369ರದ್ದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಸಂಸ್ಕೃತ ಶಾಸನ. ಕೆರೆಗೆ ಬೇಕಾದ 12 ಅಂಗಗಳು, ಬರಬಾರದ 6 ದೋಷಗಳು ಅಂತ ಪಟ್ಟಿ ಕೊಡುತ್ತೆ. ಧರ್ಮಿಷ್ಠ ರಾಜ, ನೀರಿನ ಶಾಸ್ತ್ರ ಬಲ್ಲ ಬ್ರಾಹ್ಮಣ ಅನ್ನೋದನ್ನು ಪಕ್ಕಕ್ಕಿಡಿ. ಗಟ್ಟಿ ಮಣ್ಣಿನ ನೆಲ, ಮೂರು ಯೋಜನ ದೂರದಿಂದ ಸಿಹಿನೀರು ತರುವ ಹೊಳೆ, ಏರಿಗೆ ಆಸರೆಯಾಗಿ ಗುಡ್ಡ, ಗುಡ್ಡಗಳ ನಡುವೆ ಬಲವಾದ ಕಲ್ಲಿನ ಕಟ್ಟೆ, ಅಗಲವಾದ ಆಳವಾದ ಪಾತ್ರ, ನೀಳವಾದ ನೇರ ಕಲ್ಲು ಸಿಗುವ ಗಣಿ, ಪಕ್ಕದಲ್ಲಿ ಫಲವತ್ತಾದ ಹೊಲ, ಕೆಲಸ ಬಲ್ಲ ಜನ. ಇವತ್ತು ಅಣೆಕಟ್ಟಿನ ಜಾಗ ಆರಿಸುವ ವರದಿಯಲ್ಲಿ ಇದಕ್ಕಿಂತ ಬೇರೆ ತಲೆಬರಹ ಇರಲ್ಲ. ದೋಷಗಳಲ್ಲಿ ಕಟ್ಟೆಯಿಂದ ನೀರು ಒಸರೋದು, ಚೌಳು ಮಣ್ಣು, ಪಾತ್ರದ ನಡುವೆ ದಿಣ್ಣೆ, ನೀರು ಕಮ್ಮಿ ಹೊಲ ಜಾಸ್ತಿ, ಹೊಲ ಕಮ್ಮಿ ನೀರು ಜಾಸ್ತಿ. ಉಳಿದ ಒಂದು ದೋಷ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟೋದು. ಇದನ್ನು ಓದಿ ನಗು ಬರದ ನೀರಾವರಿ ಇಂಜಿನಿಯರ್ ನಮ್ಮ ರಾಜ್ಯದಲ್ಲಿ ಇರಲಾರ. ಎರಡು ವರ್ಷ, ಏರಿ ಮೇಲೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಗಾಡಿ ಅಂತ ಖರ್ಚಿನ ಲೆಕ್ಕವೂ ಅದರಲ್ಲೇ ಇದೆ.

ಈಗ 1799ಕ್ಕೆ ಬರೋಣ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಗೆದ್ದವರ ಮುಂದೆ ಇದ್ದ ಮೊದಲ ಪ್ರಶ್ನೆ: ಗೆದ್ದಿದ್ದು ಏನನ್ನು, ಅದರ ಗಡಿ ಎಲ್ಲಿದೆ? ಇದಕ್ಕೆ ಮೂರು ಕಡೆಯಿಂದ ಜನ ಹೊರಟರು. ಫ್ರಾನ್ಸಿಸ್ ಬುಕನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಬೆಳೆ, ಮಣ್ಣು, ಕಬ್ಬಿಣ ಕರಗಿಸೋ ಕುಲುಮೆ ಎಲ್ಲವನ್ನೂ ಬರೆದುಕೊಂಡ. ವಿಲಿಯಂ ಲ್ಯಾಂಬ್ಟನ್ ತ್ರಿಕೋನಮಿತಿಯ ಸರ್ವೆ ಹಿಡಿದ. ಕಾಲಿನ್ ಮೆಕೆಂಜಿ ಮೈಸೂರು ಸರ್ವೆಯ ಮುಖ್ಯಸ್ಥನಾದ.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು, 1754ರಲ್ಲಿ ಹುಟ್ಟಿದ್ದು. ಅವನ ಸರ್ವೆ 40,000 ಚದರ ಮೈಲಿಗೂ ಹೆಚ್ಚು ನೆಲ ತುಳಿಯಿತು. ಗುಡ್ಡದಿಂದ ಗುಡ್ಡಕ್ಕೆ ಕೋನ ಹಿಡಿದು ನಕ್ಷೆಯ ಅಸ್ಥಿಪಂಜರ ಮಾಡೋದು, ಆಮೇಲೆ ತಾಲ್ಲೂಕು ತಾಲ್ಲೂಕಿಗೂ ಊರು, ಕೆರೆ, ಹಳ್ಳ, ಬೆಳೆ ತುಂಬೋದು. ಮದರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು, ಬಹುಪಾಲು ಅನಾಥಾಲಯದ ಮಕ್ಕಳು, ಸರಪಳಿ ಎಳೆದವರು ಅವರೇ. ಮೊದಮೊದಲು ಖನಿಜ ಮತ್ತು ಸಸ್ಯ ನೋಡಿಕೊಳ್ಳಲು ಬೆಂಜಮಿನ್ ಹೇಯ್ನೆ ಅನ್ನೋ ವೈದ್ಯ ಇದ್ದ. ಲಾಲ್‌ಬಾಗಿನ ಇತಿಹಾಸದಲ್ಲಿ ಬರುವ ಹೇಯ್ನೆ ಅವನೇ.

ಆದರೆ ನಮಗೆ ಮುಖ್ಯರಾದವರು ಬೇರೆ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಇವರು ಎಲ್ಲೂರಿನ ಕಡೆಯ ತೆಲುಗರು. ಹಳಗನ್ನಡ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ, ಅದನ್ನು ಅವನೇ ಹೇಳಿಕೊಂಡಿದ್ದಾನೆ. ಊರ ಶಾನುಭೋಗರ ಕಡತ, ಕೈಫಿಯತ್ತು, ತಾಮ್ರಪಟ, ಕಲ್ಲಿನ ಬರಹ, ಎಲ್ಲವನ್ನೂ ಕೂಡಿಹಾಕಿದವರು ಇವರು. ಸರ್ವೆಯವರು ಊರಿಗೆ ಬಂದರೆ ಕಂದಾಯ ಏರುತ್ತೆ ಅನ್ನೋ ಭಯದ ಮಧ್ಯೆ ದಾನಪತ್ರ ತೋರಿಸಿ ಅಂತ ಕೇಳೋದು ಸುಲಭದ ಕೆಲಸವಲ್ಲ. ಇನಾಂ ಭೂಮಿ ಕೈತಪ್ಪುತ್ತೆ ಅಂತ ಎಷ್ಟು ತಾಮ್ರಪಟ ಹಿತ್ತಲಲ್ಲಿ ಹೂತುಹೋಯ್ತೋ! ಆದರೂ ಕೊನೆಗೆ ಸಂಗ್ರಹದಲ್ಲಿ ಸೇರಿದ ಶಾಸನ ಪ್ರತಿಗಳು 8,000ಕ್ಕೂ ಹೆಚ್ಚು. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರ ನೋಡಿರಬಹುದು: ಕೆಂಪು ಕೋಟಿನ ಮೆಕೆಂಜಿ, ಅವನ ಸುತ್ತ ಮೂವರು ಭಾರತೀಯರು, ಒಬ್ಬನ ಕೈಯಲ್ಲಿ ದೂರದರ್ಶಕ, ದೂರದಲ್ಲಿ ಗೊಮ್ಮಟ. ಅಷ್ಟು ಹೊತ್ತಿಗೆ ಅವನು ಭಾರತದ ಮೊದಲ ಸರ್ವೇಯರ್ ಜನರಲ್. 1821ರಲ್ಲಿ ತೀರಿಕೊಂಡ. ಬೊರಯ್ಯ ಅದಕ್ಕೂ ಮೊದಲೇ, 1803ರಲ್ಲೇ, ಚಿಕ್ಕ ವಯಸ್ಸಿಗೆ ಹೋಗಿಬಿಟ್ಟ.

ಮೆಕೆಂಜಿಯದು ರಾಜ್ಯ ಆಳುವವರ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ಶಾಸನವನ್ನು ಅದು ನಿಂತ ಜಾಗದ ಜೊತೆ ಸೇರಿಸಿ ನೋಡಿದ್ದು ಅವನ ತಂಡದ ದೊಡ್ಡ ಗುಣ. ಸಂಗ್ರಹ ಆಮೇಲೆ ಒಡೆಯಿತು. ನಕ್ಷೆ ಒಂದು ಕಡೆ, ಕೈಫಿಯತ್ತು ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಕೆಲವು ಲಂಡನ್ನಿನಲ್ಲಿ, ಕೆಲವು ಮದರಾಸಿನಲ್ಲಿ, ಕೆಲವು ಕಲ್ಕತ್ತೆಯಲ್ಲಿ.

ಲ್ಯಾಂಬ್ಟನ್‌ನ ಕತೆ ಬೆಂಗಳೂರಿನವರಿಗೆ ಹತ್ತಿರದ್ದು. ತ್ರಿಕೋನಮಿತಿಗೆ ಒಂದೇ ಒಂದು ಗೆರೆಯನ್ನು ನೆಲದ ಮೇಲೆ ಕೈಯಾರೆ ಅಳೆಯಬೇಕು, ಅದು ಬೇಸ್‌ಲೈನ್. ಉಳಿದಿದ್ದೆಲ್ಲ ಕೋನ ಮತ್ತು ಲೆಕ್ಕ. ಆ ಒಂದು ಗೆರೆಯಲ್ಲಿ ತಪ್ಪಾದರೆ ಮುಂದಿನ ಇಡೀ ದೇಶ ತಪ್ಪು. 1800ರ ಕೊನೆಯ ತಿಂಗಳುಗಳಲ್ಲಿ ಅವನು ಬೆಂಗಳೂರಿನ ಹತ್ತಿರ 7 ಮೈಲಿಗೂ ಮೀರಿದ ಬೇಸ್‌ಲೈನ್ ಅಳೆದ. ಉಪಕರಣ 100 ಅಡಿಯ ಉಕ್ಕಿನ ಸರಪಳಿ, ಎರಡೂವರೆ ಅಡಿಯ 40 ಕೊಂಡಿ, ಮಾಡಿದವನು ಲಂಡನ್ನಿನ ರಾಮ್ಸ್‌ಡೆನ್. ಈ ಸರಪಳಿ ಮೊದಲು ಮೆಕಾರ್ಟ್ನಿಯ ರಾಯಭಾರದ ಜೊತೆ ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿತ್ತು. ಅವರು ಬೇಡ ಅಂದರು, ಅದು ತಿರುಗಿ ಭಾರತಕ್ಕೆ ಬಂತು. ಚಕ್ರವರ್ತಿ ಇಟ್ಟುಕೊಂಡಿದ್ದರೆ ಬೆಂಗಳೂರಿನ ಅಳತೆಗೆ ಇನ್ನೇನು ಗತಿಯೋ.

ಸರಪಳಿ ಬಿಸಿಲಿಗೆ ಹಿಗ್ಗುತ್ತೆ, ಬೆಳಗಿನ ಚಳಿಗೆ ಕುಗ್ಗುತ್ತೆ. ಹಾಗಾಗಿ ಅದನ್ನು ಮರದ ಪೆಟ್ಟಿಗೆಗಳ ಸಾಲಿನಲ್ಲಿ ಮಲಗಿಸಿ, ಜೊತೆಗೆ ಉಷ್ಣಮಾಪಕ ಇಟ್ಟು, ಪ್ರತಿ ಸಲವೂ ತಿದ್ದುಪಡಿ ಲೆಕ್ಕ ಹಾಕಬೇಕು. 1802ರ ಏಪ್ರಿಲ್ 10ಕ್ಕೆ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಬೇಸ್‌ಲೈನ್ ಶುರುವಾಯಿತು. ಸುಮಾರು ಏಳೂವರೆ ಮೈಲಿಗೆ 57 ದಿನ. ಅದೇ ವರ್ಷ ಅರ್ಧ ಟನ್ ತೂಕದ ದೊಡ್ಡ ಥಿಯೋಡಲೈಟು ಕೈಗೆ ಬಂತು. ದಾರಿಯಲ್ಲಿ ಫ್ರೆಂಚರು ಹಡಗು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು, ಅಲ್ಲಿನ ಗವರ್ನರ್ ಅದನ್ನು ವಿಜ್ಞಾನದ ಸಾಮಾನು ಅಂತ ಗೌರವದಿಂದ ಕಳಿಸಿಕೊಟ್ಟ. ಮದರಾಸಿನಿಂದ ತ್ರಿಕೋನಗಳು ಪಶ್ಚಿಮಕ್ಕೆ ಹೆಜ್ಜೆ ಹಾಕಿ ಘಟ್ಟ ಹತ್ತಿ ಬೆಂಗಳೂರು ಮುಟ್ಟಿದ ಮೇಲೆ 1804ರಲ್ಲಿ ಇಲ್ಲಿ ಮತ್ತೊಂದು ಬೇಸ್‌ಲೈನ್ ಅಳೆದು ತಾಳೆ ನೋಡಿದರು. ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ 4 ಅಂಗುಲಕ್ಕಿಂತ ಕಡಿಮೆ. ಮದರಾಸಿನಿಂದ ಇಲ್ಲಿಗೆ ಸುಮಾರು 300 ಕಿಲೋಮೀಟರ್ ಅನ್ನೋದನ್ನು ನೆನಪಿಟ್ಟುಕೊಂಡು ಆ 4 ಅಂಗುಲ ನೋಡಿ.

ಈ 1804ರ ಅಳತೆ ಮಾಡಿದವನು ಲೆಫ್ಟಿನೆಂಟ್ ಜಾನ್ ವಾರನ್. ಅದಕ್ಕೆ ಎರಡು ವರ್ಷ ಮೊದಲು, 1802ರಲ್ಲಿ, ಅವನು ಮೈಸೂರಿನ ಪೂರ್ವ ಗಡಿ ಗುರುತಿಸುವ ಕೆಲಸದಲ್ಲಿದ್ದ. ಕೋಲಾರದ ಕಡೆ ಮಣ್ಣಲ್ಲಿ ಚಿನ್ನ ಸಿಗುತ್ತೆ ಅಂತ ಜನ ಆಡಿಕೊಳ್ಳೋದು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಊರಗಾಂನವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಗುಂಡಿಯೊಳಗಿಂದ ಕಲ್ಲು ಕೈಯಿಂದ ಕೈಗೆ ಬುಟ್ಟಿಯಲ್ಲಿ ಮೇಲೆ ಬರೋದು, ಹೆಂಗಸರು ಅದನ್ನು ಕುಟ್ಟಿ ತೊಳೆಯೋದು, ಎಲ್ಲ ನೋಡಿ ಬರೆದ. ಚಿನ್ನ ಕಂಡುಹಿಡಿದವನು ವಾರನ್ ಅಂತ ಅನೇಕ ಕಡೆ ಬರೆದಿರುತ್ತಾರೆ. ಕಂಡುಹಿಡಿದಿದ್ದು ಅಲ್ಲ, ಕೇಳಿ ಬರೆದುಕೊಂಡಿದ್ದು. ಆ ಬರಹವನ್ನು ಓದಿದ ಮೈಕೆಲ್ ಲೆವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದ. ಅಲ್ಲಿಂದ ಕೆಜಿಎಫ್, ಮೂರು ಕಿಲೋಮೀಟರಿಗೂ ಆಳ, 2001ರಲ್ಲಿ ಬೀಗ.

ಕಲ್ಲಿನ ವಿದ್ಯೆ ನಮ್ಮಲ್ಲಿ ಒಂದು ಶಾಸ್ತ್ರವಾಗಿ ನಿಂತಿದ್ದು ರಾಬರ್ಟ್ ಬ್ರೂಸ್ ಫುಟ್‌ನಿಂದ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ. 1863ರಲ್ಲಿ ಪಲ್ಲಾವರದಲ್ಲಿ ಹಳೇ ಶಿಲಾಯುಗದ ಕೈಗೊಡಲಿ ಎತ್ತಿದ, ಅದು ಎಲ್ಲರಿಗೂ ಗೊತ್ತು. ಕಡಿಮೆ ಗೊತ್ತಿರೋದು ಧಾರವಾಡ ಶಿಲಾಸಮೂಹ ಅನ್ನೋ ಹೆಸರು ಅವನದು ಅನ್ನೋದು. ಚಿನ್ನ ಇರುವ ಪದರಶಿಲೆಗಳ ಪಟ್ಟಿಗಳು ಉತ್ತರದಿಂದ ದಕ್ಷಿಣಕ್ಕೆ ಉದ್ದುದ್ದ ಹಾಸಿಕೊಂಡಿವೆ, ಅವು ಒಂದೇ ಕುಲದವು ಅಂತ 1880ರ ದಶಕದಲ್ಲಿ ಅವನು ತೋರಿಸಿದ. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಮೊದಲು ಕರೆದದ್ದೂ ಅವನನ್ನೇ. ಆಮೇಲೆ ಬಂದ ಸ್ಮೀತ್ 1916ರಲ್ಲಿ ಪಟ್ಟಿಗಳ ನಡುವಿನ ಬೂದುಗಲ್ಲಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರಿಟ್ಟ. ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಕೆಳಗಿರೋದು ಅದೇ ಕಲ್ಲು, ಸುಮಾರು 300 ಕೋಟಿ ವರ್ಷದ್ದು.

ಅದೇ ವರ್ಷಗಳಲ್ಲಿ, ಅದೇ ಸಂಸ್ಥಾನದಲ್ಲಿ, ಬಿ. ಎಲ್. ರೈಸ್ ತಾಲ್ಲೂಕು ತಾಲ್ಲೂಕು ತಿರುಗಿ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟ ತರುತ್ತಿದ್ದರು. ಸುಮಾರು 9,000 ಶಾಸನ. ಶಾಸನದ ಜಾಗವನ್ನು ಅವರು ಬರೆಯುತ್ತಾರೆ: ಊರ ಮುಂದಿನ ಹೊಲದಲ್ಲಿ, ಕೆರೆ ಏರಿಯ ಮೇಲೆ, ದೇವಸ್ಥಾನದ ಬಲಕ್ಕೆ. ಅಳತೆಯನ್ನೂ ಎಷ್ಟೋ ಕಡೆ ಕೊಡುತ್ತಾರೆ. ಕಲ್ಲು ಯಾವ ಜಾತಿ ಅಂತ ಮಾತ್ರ ಹೆಚ್ಚಿನ ಕಡೆ ಇಲ್ಲ. ರೈಸ್ ಮೇಲೆ ನನಗೆ ಅಪಾರ ಗೌರವ, ಆದರೆ ಇದು ಒಂದು ನಷ್ಟ, ಮತ್ತು ಆ ಅಭ್ಯಾಸ ಇವತ್ತಿನವರೆಗೂ ನಡೆದುಬಂದಿದೆ.

ಯಾಕೆ ನಷ್ಟ? ಕಲ್ಲಿನ ಜಾತಿ ಅಕ್ಷರದ ರೂಪವನ್ನೂ ಆಯುಸ್ಸನ್ನೂ ತೀರ್ಮಾನಿಸುತ್ತೆ. ಬಾದಾಮಿ, ಐಹೊಳೆಯಲ್ಲಿ ಮರಳುಗಲ್ಲು. ಕಣಗಳು ಸಮ, ಉಳಿ ನೇರ ಓಡುತ್ತೆ, ಅದಕ್ಕೇ ಕಪ್ಪೆ ಅರಭಟ್ಟನ ಬರಹ ಬಂಡೆಯ ಮೇಲೆ ಅಷ್ಟು ಖಚಿತ. ಲಕ್ಕುಂಡಿ, ಬೇಲೂರು, ಹಳೇಬೀಡುಗಳಲ್ಲಿ ಧಾರವಾಡ ಪಟ್ಟಿಯ ಬಳಪದ ಕಲ್ಲು. ಉಗುರಿಗೂ ಸೋಲುವಷ್ಟು ಮೆದು ಖನಿಜ ಅದರಲ್ಲಿದೆ, ಹಾಗಾಗಿ ಹೊಯ್ಸಳ ಅಕ್ಷರಕ್ಕೆ ಆ ಬಳುಕು, ಆ ತಲೆಕಟ್ಟಿನ ಅಲಂಕಾರ ಸಾಧ್ಯವಾಯ್ತು. ಬೆಂಗಳೂರು, ಕೋಲಾರ, ತುಮಕೂರಿನ ನೈಸ್ ಮತ್ತು ಗ್ರಾನೈಟ್‌ನಲ್ಲಿ ಸ್ಫಟಿಕದ ಹರಳು ಉಳಿಯನ್ನು ಜಾರಿಸುತ್ತೆ. ಅಲ್ಲಿಯ ವೀರಗಲ್ಲಿನ ಅಕ್ಷರ ಒರಟು ಅಂದರೆ ಅದು ಅನಾಗರಿಕ ಕೈ ಅಂತಲೋ, ಕಾಲ ಹಿಂದಿನದು ಅಂತಲೋ ಅರ್ಥ ಅಲ್ಲ. ಲಿಪಿ ನೋಡಿ ಕಾಲ ಹೇಳುವವರು ಬಳಪದ ಕಲ್ಲಿನ ಅಕ್ಷರದ ಪಕ್ಕ ಗ್ರಾನೈಟಿನ ಅಕ್ಷರ ಇಟ್ಟು ಹೋಲಿಸುವಾಗ ಸ್ವಲ್ಪ ತಡೆಯಬೇಕು. ಕರಾವಳಿಯಲ್ಲಿ ಮನೆ, ಕೋಟೆ ಎಲ್ಲ ಮುರಕಲ್ಲು. ಶಾಸನಕ್ಕೆ ಮಾತ್ರ ಗಟ್ಟಿ ಬಂಡೆ ತರುತ್ತಾರೆ, ಯಾಕಂದ್ರೆ ತೂತು ತೂತಿನ ಮುರಕಲ್ಲಲ್ಲಿ ಅಕ್ಷರ ನಿಲ್ಲಲ್ಲ. ಆ ಬಂಡೆ ಎಲ್ಲಿಂದ ಬಂತು ಅಂತ ಹುಡುಕಿದರೆ ಸಾಗಾಟದ ದಾರಿ ಗೊತ್ತಾಗಬಹುದು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಅಶೋಕನ ಶಾಸನಗಳು ಕರ್ನಾಟಕದಲ್ಲಿ ಚಿನ್ನದ ಪಟ್ಟಿಗಳ ಹತ್ತಿರವೇ ಇವೆ, ಮೌರ್ಯರು ಬಂದಿದ್ದೇ ಚಿನ್ನಕ್ಕೆ ಅನ್ನೋ ವಾದ ಹಳೆಯದು. ಆಕರ್ಷಕವಾಗಿದೆ. ಹಟ್ಟಿಯ ಹಳೇ ಗಣಿಯೊಳಗೆ ಸಿಕ್ಕ ಮರಕ್ಕೆ ಸುಮಾರು 2,000 ವರ್ಷ ವಯಸ್ಸು ಬಂದಿದೆ. ಬ್ರಹ್ಮಗಿರಿಯ ಶಾಸನದಲ್ಲೇ ಸುವರ್ಣಗಿರಿ ಅಂತ ಹೆಸರು ಬರುತ್ತೆ. ಆದರೆ ಸನ್ನತಿ ಇರೋದು ಭೀಮಾ ತೀರದ ಸುಣ್ಣಕಲ್ಲಿನ ಸೀಮೆಯಲ್ಲಿ, ಅಲ್ಲಿ ಚಿನ್ನದ ಮಾತೇ ಇಲ್ಲ. ನಿಟ್ಟೂರು, ಉದೇಗೊಳ್ಳ ತುಂಗಭದ್ರೆಯ ದಾರಿಯಲ್ಲಿವೆ. ಬಂಡೆ, ನೀರು, ದಾರಿ ಮೂರೂ ಸೇರುವ ಕಡೆ ಬರೆಸಿದ್ದಾರೆ ಅನ್ನೋದು ಅಷ್ಟೇ ಒಪ್ಪುವಂತಿದೆ. ಎರಡು ನಕ್ಷೆಯನ್ನು ಒಂದರ ಮೇಲೊಂದು ಇಟ್ಟಾಗ ಚುಕ್ಕೆಗಳು ಕೂಡಿದವು ಅಂದಮಾತ್ರಕ್ಕೆ ಕಾರಣ ಸಿಕ್ಕಿತು ಅಂತ ಅಲ್ಲ. ಕಂಪ್ಯೂಟರಿನಲ್ಲಿ ಪದರ ಪದರ ನಕ್ಷೆ ಜೋಡಿಸುವ ನಮ್ಮಂಥ ಹವ್ಯಾಸಿಗಳು ಬೀಳುವ ಹಳ್ಳ ಇದು.

ಹಾಗಾದರೆ ನಕ್ಷೆಯಿಂದ ಶಾಸನಕ್ಕೆ ನಿಜವಾದ ಉಪಯೋಗ ಎಲ್ಲಿ? ಕಳೆದುಹೋದ ಊರು ಹುಡುಕುವಲ್ಲಿ. ಮೈಸೂರಿನಲ್ಲಿ 1863ರಿಂದ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ನಡೆಯಿತು. 33 ಅಡಿಯ ಸರಪಳಿ; 33 ಅಡಿ ಚೌಕ ಒಂದು ಗುಂಟೆ; 40 ಗುಂಟೆಗೆ ಎಕರೆ. ಮೈಲಿಗೆ 8 ಅಂಗುಲದ ಲೆಕ್ಕದಲ್ಲಿ ಊರಿಗೊಂದು ಗ್ರಾಮನಕ್ಷೆ. ಆ ಪಟ್ಟಿಗಳಲ್ಲಿ ಬೇಚಿರಾಕ್ ಗ್ರಾಮ ಅಂತ ಬರುತ್ತೆ. ಪಾರಸಿಯಲ್ಲಿ ಬೇ-ಚಿರಾಗ್, ದೀಪ ಇಲ್ಲದ ಊರು. ಜನ ಬಿಟ್ಟುಹೋದ ಹಳ್ಳಿ, ಆದರೆ ಹೆಸರು ಮತ್ತು ಎಲ್ಲೆ ಕಡತದಲ್ಲಿ ಬದುಕಿದೆ. ಸಾವಿರ ವರ್ಷದ ಹಿಂದಿನ ದಾನಶಾಸನದಲ್ಲಿ ಬರುವ ಊರು ಇವತ್ತಿನ ಯಾವ ಬೋರ್ಡಿನಲ್ಲೂ ಇಲ್ಲ ಅಂದಾಗ ನಾನು ಮೊದಲು ತೆರೆಯೋದು ಈ ಬೇಚಿರಾಕ್ ಪಟ್ಟಿ. ಆಮೇಲೆ ಗ್ರಾಮನಕ್ಷೆಯಲ್ಲಿ ಮೂರು ಊರಿನ ಎಲ್ಲೆ ಕೂಡುವ ಕಲ್ಲುಗಳನ್ನು ನೋಡ್ತೀನಿ. ಊರು ಹಾಳಾಗುತ್ತೆ, ಕೆರೆ ಹೂಳು ತುಂಬುತ್ತೆ, ಮರ ಸಾಯುತ್ತೆ. ಎರಡು ಊರಿನ ಜಗಳ ಮಾತ್ರ ಎಲ್ಲೆಯನ್ನು ಕಾಪಾಡಿಕೊಂಡು ಬರುತ್ತೆ. ಶಾಸನ ಹೇಳುವ ಹಾಸುಬಂಡೆಗೂ ಹಳ್ಳಕ್ಕೂ ಟೋಪೋಶೀಟಿನ ಏರಿಳಿತದ ಗೆರೆಗಳು ಸಾಕ್ಷಿ ಹೇಳುತ್ತವೆ. ಬೆಂಗಳೂರು ಸುತ್ತಮುತ್ತ ಕೆಲಸ ಮಾಡೋರಿಗೆ 57 ಜಿ ಮತ್ತು 57 ಎಚ್ ಸಾಲಿನ ಹಾಳೆಗಳು ಬೇಕಾಗುತ್ತವೆ.

ಆದರೆ ಈ ಕೆಲಸಕ್ಕೆ ಒಂದು ಶರತ್ತಿದೆ: ಕಲ್ಲು ತನ್ನ ಜಾಗದಲ್ಲೇ ಇರಬೇಕು. ಅದನ್ನು ತಂದು ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ಸಿಮೆಂಟಿನಲ್ಲಿ ನಿಲ್ಲಿಸಿದರೆ ಅಕ್ಷರ ಉಳಿಯಿತು, ಎಲ್ಲೆ ಹೋಯಿತು. ರಸ್ತೆ ಬರುತ್ತೆ, ಲೇಔಟ್ ಬರುತ್ತೆ, ಕೆಲವು ಸಲ ಸ್ಥಳಾಂತರ ಬಿಟ್ಟು ಬೇರೆ ದಾರಿ ಇರಲ್ಲ, ಒಪ್ಪುತ್ತೇನೆ. ಎತ್ತುವ ಮೊದಲು ಅಕ್ಷಾಂಶ ರೇಖಾಂಶ ಬರೆದುಕೊಳ್ಳಲು ಎರಡು ನಿಮಿಷ ಸಾಕು. ಇನ್ನು ಅಕ್ಷರವೇ ಇಲ್ಲದ ಎಲ್ಲೆಗಲ್ಲುಗಳ ಪಾಡಂತೂ ಕೇಳೋದೇ ಬೇಡ. ವಾಮನಮುದ್ರೆ, ಲಿಂಗಮುದ್ರೆ, ಶಂಖಚಕ್ರ, ಮುಕ್ಕೊಡೆ ಕೆತ್ತಿದ ಕಲ್ಲುಗಳು ಯಾವ ಶಾಸನ ಸಂಪುಟದಲ್ಲೂ ಸರಿಯಾಗಿ ಲೆಕ್ಕಕ್ಕೆ ಬಂದಿಲ್ಲ, ಓದಲು ಏನೂ ಇಲ್ಲವಲ್ಲ. ಅವು ಅಗ್ರಹಾರದ, ಮಠದ, ಬಸದಿಯ ಭೂಮಿಯ ಮೂಲೆಗಳು. ನಾಲ್ಕು ಸಿಕ್ಕರೆ ಒಂದು ದಾನದ ನಕ್ಷೆ ಪೂರ್ತಿ.

ಸರ್ವೆಯವರ ಕಲ್ಲುಗಳಿಗೂ ಇದೇ ಗತಿ. 1868ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಬೇಸ್‌ಲೈನ್ ಅಳೆದರು. ಒಂದು ತುದಿಯ ಗೋಪುರ ಮೇಖ್ರಿ ವೃತ್ತದ ಹತ್ತಿರ, ಇನ್ನೊಂದು ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ದೇಶದ ನಕ್ಷೆಗೆ ಆಧಾರವಾದ ಒಂದು ಗೆರೆಯ ಎರಡೂ ತುದಿ ಒಂದೇ ಊರಲ್ಲಿ ನಿಂತಿದ್ದವು. ಕಣ್ಣೂರಿನದು 2024ರಲ್ಲಿ ನೆಲಸಮವಾಯಿತು. ಮೇಖ್ರಿ ವೃತ್ತದ್ದು ಟ್ರಾಫಿಕ್ಕಿನ ನಡುವೆ ಇನ್ನೂ ಇದೆ, ದಿನಾ ಅದರ ಪಕ್ಕದಲ್ಲೇ ಹೋಗುವ ಬಹಳಷ್ಟು ಮಂದಿಗೆ ಅದು ಏನು ಅಂತ ಗೊತ್ತಿಲ್ಲ.

ನಿಮ್ಮ ಊರ ಎಲ್ಲೆಯಲ್ಲಿ ಮುದ್ರೆಕಲ್ಲು, ಅಕ್ಷರದ ಕಲ್ಲು, ಸರ್ವೆಯ ಹಳೇ ಕಲ್ಲು ಯಾವುದೇ ಇದ್ದರೂ ಫೋಟೋ ಜೊತೆ ಇಷ್ಟು ಬರೆದಿಡಿ: ಅಕ್ಷಾಂಶ ರೇಖಾಂಶ, ಸರ್ವೆ ನಂಬರು, ಕಲ್ಲಿನ ಮುಖ ಯಾವ ದಿಕ್ಕಿಗಿದೆ, ನೆಲದ ಮೇಲಿನ ಎತ್ತರ, ಮತ್ತು ಕಲ್ಲಿನ ಜಾತಿ. ಜಾತಿ ಗೊತ್ತಾಗದಿದ್ದರೆ ಬಣ್ಣ, ಹರಳು ಕಾಣುತ್ತೋ ಇಲ್ಲವೋ, ಅಷ್ಟು ಸಾಕು. ಅಕ್ಷರದ ಮೇಲೆ ಚಾಕು ಹಾಕಿ ಗೀಚಿ ನೋಡಬೇಡಿ. ಸುಣ್ಣ, ಪೇಂಟು ಹಚ್ಚಬೇಡಿ. ಓರೆ ಬೆಳಕಿಗೆ ಸಾಯಂಕಾಲ ಐದರ ಮೇಲೆ ಹೋದರೆ ಅಕ್ಷರ ತಾನಾಗೇ ಎದ್ದು ಕಾಣುತ್ತೆ.